ಹೊಟ್ಟೆ ತೊಳಸಿದಾಗ, ಅನ್ನ ಸೇರದಿದ್ದಾಗ: ಕ್ಯಾನ್ಸರ್ ರೋಗಿಗೆ ಮನೆಯಲ್ಲೇ ಆರೈಕೆ

‘ಏನಾದ್ರೂ ತಿಂದ್ರಾ?’ ಕ್ಯಾನ್ಸರ್ ರೋಗಿ ಇರುವ ಮನೆಗೆ ಬರುವ ನೆಂಟರು ಚಪ್ಪಲಿ ಬಿಡುವ ಮೊದಲೇ ಕೇಳುವ ಪ್ರಶ್ನೆ ಇದು. ‘ಇಲ್ಲ, ಎಲ್ಲಾ ವಾಂತಿ’ ಎಂಬ ಉತ್ತರ ಬಂದರೆ ಮರುಗಳಿಗೆಯಲ್ಲೇ ಇನ್ನೊಂದು ತಟ್ಟೆ ಸಿದ್ಧವಾಗುತ್ತದೆ. ಅಲ್ಲೇ ಎಡವುವುದು. ರೋಗವನ್ನು ಗುಣಪಡಿಸುವ ಚಿಕಿತ್ಸೆ ಮುಗಿದು, ನೋವು ಮತ್ತು ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್‌ನಲ್ಲಿರುವವರಿಗೆ ವಾಕರಿಕೆ ಬರಲು ಹತ್ತಾರು ಕಾರಣಗಳಿರುತ್ತವೆ. ಒಂದೊಂದಕ್ಕೂ ಮದ್ದು ಬೇರೆ. ಆದ್ದರಿಂದ ತಟ್ಟೆಗಿಂತ ಮುಂಚೆ ಕಾರಣ ಹುಡುಕಿ, ಆಮೇಲೆ ಮಾತ್ರೆಯ ಹೊತ್ತು ಸರಿಮಾಡಿ, ಊಟದ ಯೋಚನೆ ಅದಾದ ಮೇಲೆ.

ಮೊದಲು ಒಂದು ನೋಟ್‌ಬುಕ್

ನಲವತ್ತು ಪುಟದ ಪುಸ್ತಕ ಸಾಕು. ರೋಗಿಯ ತಲೆದೆಸೆಯಲ್ಲಿ ಇಟ್ಟು, ಮನೆಯಲ್ಲಿ ಯಾರು ಎಚ್ಚರವಿರುತ್ತಾರೋ ಅವರೇ ಬರೆಯಲಿ. ಎಷ್ಟು ಗಂಟೆಗೆ ಏನು ತಿಂದರು, ಯಾವ ಮಾತ್ರೆ ತೆಗೆದುಕೊಂಡರು, ವಾಂತಿ ಎಷ್ಟು ಹೊತ್ತಿಗೆ ಆಯಿತು, ಬಾಯಿ ತುಂಬವೋ ಅರ್ಧ ಬಕೆಟ್ಟೋ, ಬಣ್ಣ ಏನು, ವಾಂತಿ ಆದ ಮೇಲೆ ಹಗುರ ಅನ್ನಿಸಿತೇ ಇಲ್ಲವೇ, ಕೊನೆಯ ಬಾರಿ ಮಲ ಯಾವತ್ತು ಹೋಯಿತು, ಮೂತ್ರ ಹೋಗುತ್ತಿದೆಯೇ. ಎರಡು ದಿನದ ಇಂಥ ಬರಹ ಕೈಯಲ್ಲಿದ್ದರೆ ಫೋನಿನಲ್ಲೇ ವೈದ್ಯರು ಅರ್ಧ ಉತ್ತರ ಹೇಳಬಲ್ಲರು. ‘ತುಂಬಾ ವಾಂತಿ ಡಾಕ್ಟ್ರೇ’ ಎಂದಷ್ಟೇ ಹೇಳಿದರೆ ಅವರೂ ಊಹೆಯ ಮೇಲೆ ಮಾತ್ರೆ ಬರೆಯಬೇಕಾಗುತ್ತದೆ.

ಬರಹ ಏನು ಹೇಳುತ್ತದೆ

ಎರಡು ತುತ್ತಿಗೇ ಹೊಟ್ಟೆ ತುಂಬಿ, ಸ್ವಲ್ಪ ಹೊತ್ತಿಗೆ ತಿಂದದ್ದೆಲ್ಲ ಹಾಗೆಹಾಗೇ ಒಮ್ಮೆಗೇ ಹೊರಬಂದು, ಆಮೇಲೆ ಹಗುರ ಅನ್ನಿಸಿದರೆ ಜಠರ ಖಾಲಿಯಾಗುವುದು ನಿಧಾನವಾಗಿದೆ ಎಂದರ್ಥ. ಯಕೃತ್ತು ಊದಿಕೊಂಡೋ ಹೊಟ್ಟೆಯಲ್ಲಿ ನೀರು ತುಂಬಿಯೋ ಜಠರ ಒತ್ತಿಹೋದಾಗ ಹೀಗಾಗುತ್ತದೆ. ಇದಕ್ಕೆ ವಿರುದ್ಧವಾಗಿ, ದಿನವಿಡೀ ಹೊಟ್ಟೆ ತೊಳಸುತ್ತಲೇ ಇದ್ದು, ವಾಂತಿಯಾದರೂ ಸಮಾಧಾನವಿಲ್ಲದಿದ್ದರೆ ಕಾರಣ ಹೆಚ್ಚಾಗಿ ರಕ್ತದಲ್ಲಿರುತ್ತದೆ: ಯಾವುದೋ ಔಷಧಿ, ಕೆಲಸ ನಿಲ್ಲಿಸುತ್ತಿರುವ ಮೂತ್ರಪಿಂಡ, ಅಥವಾ ಏರಿದ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಏರಿದವರಿಗೆ ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ಮಂಪರು, ಮಾತಿನಲ್ಲಿ ಗೊಂದಲ ಇರುತ್ತದೆ. ‘ಕಾಯಿಲೆ ಜಾಸ್ತಿಯಾಯಿತು’ ಎಂದು ಮನೆಯವರು ಕೈಚೆಲ್ಲುತ್ತಾರೆ. ಆದರೆ ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ, ಬಹುಪಾಲು ಇಳಿಸಬಹುದಾದ ತೊಂದರೆ ಇದು.

ಬೆಳಿಗ್ಗೆ ಏಳುತ್ತಲೇ ತಲೆನೋವಿನ ಜೊತೆ ವಾಂತಿಯಾದರೆ ಮಿದುಳಿನಲ್ಲಿ ಒತ್ತಡ ಏರಿರಬಹುದು. ತಲೆ ತಿರುಗಿಸಿದಾಗ ಮಾತ್ರ ವಾಕರಿಕೆಯಾದರೆ ಕಿವಿಯೊಳಗಿನ ಸಮತೋಲದ ತೊಂದರೆ. ಬಹಳ ಸಲ ಸಿಗುವ, ಯಾರೂ ಕೇಳದ ಕಾರಣ ಮಲಬದ್ಧತೆ. ಮೂರು ದಿನ ಮಲ ಹೋಗದಿದ್ದರೆ ಎಂಥ ವಾಂತಿ ಮಾತ್ರೆಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಇಲ್ಲೊಂದು ಮೋಸವಿದೆ. ಗಟ್ಟಿ ಮಲ ಕೆಳಗೆ ಕಟ್ಟಿಕೊಂಡು, ಅದರ ಪಕ್ಕದಿಂದ ನೀರು ಸೋರಿದಾಗ ಭೇದಿ ಎಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಡುತ್ತಾರೆ. ಹಲವು ದಿನ ಮಲ ಹೋಗದೆ, ಆಮೇಲೆ ಸ್ವಲ್ಪಸ್ವಲ್ಪವೇ ನೀರಾಗಿ ಹೋಗುತ್ತಿದ್ದರೆ ಅದು ಭೇದಿಯಲ್ಲ ಎಂದೇ ಮೊದಲು ಅನುಮಾನಿಸಿ.

ತೀವ್ರ ನೋವಿಗೆ ಕೊಡುವ ಮಾರ್ಫಿನ್ ಬಗ್ಗೆ ಎರಡು ಮಾತು. ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಆಸ್ಪತ್ರೆಗಳು ಇದನ್ನು ತರಿಸಿಕೊಳ್ಳುವ ನಿಯಮ ಸಡಿಲವಾಯಿತು. ಹಾಗಾಗಿ ಹೆಚ್ಚು ಮನೆಗಳಲ್ಲಿ ಈ ಮಾತ್ರೆ ಕಾಣಸಿಗುತ್ತದೆ. ಶುರುಮಾಡಿದ ಮೊದಲ ಐದಾರು ದಿನ ಹಲವರಿಗೆ ಹೊಟ್ಟೆ ತೊಳಸುತ್ತದೆ, ಆಮೇಲೆ ತಾನಾಗಿ ತಗ್ಗುತ್ತದೆ. ಮೂರನೇ ದಿನಕ್ಕೇ ‘ನಮ್ಮಪ್ಪನಿಗೆ ಈ ಮಾತ್ರೆ ಆಗಿಬರಲಿಲ್ಲ’ ಎಂದು ನಿಲ್ಲಿಸಿದರೆ ನೋವು ಮರುಕಳಿಸುತ್ತದೆ, ನೋವಿನಿಂದಲೂ ವಾಂತಿ ಬರುತ್ತದೆ. ಆ ಒಂದು ವಾರ ವಾಂತಿ ಮಾತ್ರೆಯ ಆಸರೆ ಕೇಳಿ ಪಡೆಯಿರಿ. ಆದರೆ ಮಾರ್ಫಿನ್ ತರುವ ಮಲಬದ್ಧತೆ ತಾನಾಗಿ ಹೋಗುವುದಿಲ್ಲ. ಮಾರ್ಫಿನ್ ಇರುವಷ್ಟು ದಿನವೂ ರಾತ್ರಿ ಬಿಸಕೊಡಿಲ್ ಅಥವಾ ವೈದ್ಯರು ಹೇಳಿದ, ಮಲ ಸಡಿಲಿಸುವ ಬೇರೆ ಮಾತ್ರೆ ಇರಲೇಬೇಕು. ಇಸಬ್‌ಗೋಲ್ ಬೇಡ. ಅದು ಕೆಲಸ ಮಾಡಲು ಲೋಟಗಟ್ಟಲೆ ನೀರು ಬೇಕು. ನೀರು ಕುಡಿಯಲಾಗದವರ ಕರುಳಿನಲ್ಲಿ ಅದೇ ಗಟ್ಟಿಯಾಗಿ ಕೂರುತ್ತದೆ.

ಮಾತ್ರೆ: ಯಾವುದು, ಯಾವಾಗ

ವಾಂತಿ ಎಂದು ಮೆಡಿಕಲ್ ಶಾಪ್‌ನಲ್ಲಿ ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಒಂಡಾನ್‌ಸೆಟ್ರಾನ್. ಕಿಮೋಥೆರಪಿಯ ವಾಂತಿಗೆ ಅದು ಒಳ್ಳೆಯದೇ. ಆದರೆ ಮಲ ಕಟ್ಟುತ್ತದೆ. ಮೇಲೆ ಹೇಳಿದ ಮಲಬದ್ಧತೆಯ ರೋಗಿಗೆ ದಿನಕ್ಕೆ ಮೂರು ಬಾರಿ ಇದನ್ನು ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತೆ.

ನಿಧಾನ ಜಠರಕ್ಕೆ ಸಾಮಾನ್ಯವಾಗಿ ಬರೆಯುವುದು ಮೆಟೊಕ್ಲೊಪ್ರಮೈಡ್ ಅಥವಾ ಡೊಂಪೆರಿಡೋನ್, 10 ಮಿಲಿಗ್ರಾಂ, ಊಟಕ್ಕೆ ಅರ್ಧ ಗಂಟೆ ಮುಂಚೆ. ಎರಡರ ಕೆಲಸವೂ ಒಂದೇ, ಒಟ್ಟಿಗೆ ಬೇಡ. ಹೊಟ್ಟೆ ಹಿಡಿದುಕೊಂಡರೆ ಕೊಡುವ ಡೈಸೈಕ್ಲೊಮಿನ್ ಇರುವ ಮಾತ್ರೆಗಳನ್ನು ಇದರ ಜೊತೆ ಕೊಟ್ಟರೆ ಒಂದು ಕರುಳನ್ನು ತಳ್ಳುತ್ತದೆ, ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಮೆಟೊಕ್ಲೊಪ್ರಮೈಡ್ ಕೊಟ್ಟ ಮೇಲೆ ಕುತ್ತಿಗೆ ಸೊಟ್ಟಗೆ ಹಿಡಿದುಕೊಂಡರೆ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡರೆ, ಕೂರಲಾಗದ ಚಡಪಡಿಕೆ ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ಹೇಳಿ. ಪಾರ್ಕಿನ್ಸನ್ ಕಾಯಿಲೆ ಇದ್ದವರಿಗೆ ಇದು ಆಗದು.

ರಕ್ತದಲ್ಲಿನ ಕಾರಣಕ್ಕೆ ಮತ್ತು ಮಾರ್ಫಿನ್ ವಾಕರಿಕೆಗೆ ಬಹಳ ಸಲ ಹಾಲೊಪೆರಿಡಾಲ್ ಬರೆಯುತ್ತಾರೆ, ರಾತ್ರಿ ಅರ್ಧದಿಂದ ಒಂದೂವರೆ ಮಿಲಿಗ್ರಾಂ. ಮೊಬೈಲಿನಲ್ಲಿ ಹುಡುಕಿದ ಮಗನಿಗೆ ‘ಮಾನಸಿಕ ಕಾಯಿಲೆಯ ಔಷಧಿ’ ಎಂದು ಕಾಣುತ್ತದೆ, ಮಾತ್ರೆ ಬೀರುವಿನಲ್ಲೇ ಉಳಿಯುತ್ತದೆ. ಇಷ್ಟು ಸಣ್ಣ ಪ್ರಮಾಣದಲ್ಲಿ ಅದನ್ನು ಕೊಡುವುದು ಮಿದುಳಿನ ವಾಂತಿ ಕೇಂದ್ರವನ್ನು ಸುಮ್ಮನಾಗಿಸಲು. ಓಲಾಂಜಪಿನ್‌ನ ಕಥೆಯೂ ಹೀಗೇ. 2023ರಲ್ಲಿ ಪ್ರಕಟವಾದ ಪುದುಚೇರಿಯ ಜಿಪ್ಮರ್ ಆಸ್ಪತ್ರೆಯ ಅಧ್ಯಯನದಲ್ಲಿ ಕಿಮೋ ಪಡೆಯುತ್ತಿದ್ದ ಜಠರ, ಪಿತ್ತಕೋಶ, ಶ್ವಾಸಕೋಶದಂಥ ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 2.5 ಮಿಲಿಗ್ರಾಂ ಕೊಟ್ಟಾಗ ಹಸಿವು, ತೂಕ ಎರಡೂ ಸುಧಾರಿಸಿದ್ದವು. ಹಾಸಿಗೆ ಹಿಡಿದವರಿಗೂ ಅಷ್ಟೇ ಫಲ ಸಿಗುತ್ತದೆ ಎಂದುಕೊಳ್ಳಬೇಡಿ, ಆದರೆ ವೈದ್ಯರನ್ನು ಕೇಳಬಹುದಾದ ಪ್ರಶ್ನೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಬರೆದಿದ್ದರೆ ಬೆಳಿಗ್ಗೆ ತಿಂಡಿಯ ಜೊತೆಗೇ ಕೊಡಿ. ಸಂಜೆ ಕೊಟ್ಟರೆ ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡಿರುತ್ತಾರೆ.

ಎಲ್ಲದಕ್ಕೂ ಒಂದೇ ಸೂತ್ರ: ವಾಂತಿ ಮಾತ್ರೆಯನ್ನು ವಾಂತಿ ಬಂದಾಗ ಕೊಡುವುದಲ್ಲ, ಬರದ ಹಾಗೆ ಗಡಿಯಾರ ನೋಡಿ ಕೊಡುವುದು. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಅದರಲ್ಲಿ ಮಾತ್ರೆ ಕಾಣಿಸಿತೇ ನೋಡಿ, ಮತ್ತೆ ಕೊಡಬೇಕೇ ಎಂದು ಕೇಳಿ, ನೀವೇ ನಿರ್ಧರಿಸಬೇಡಿ. ಯಾವ ಮಾತ್ರೆಯೂ ನಿಲ್ಲದಿದ್ದರೆ ಚರ್ಮದಡಿ ಸಣ್ಣ ಸೂಜಿ ಕೂರಿಸಿ ಮನೆಯಲ್ಲೇ ಔಷಧಿ ಕೊಡುವ ಕ್ರಮವಿದೆ. ಮನೆಗೆ ಬರುವ ನರ್ಸ್ ಹೇಳಿಕೊಡುತ್ತಾರೆ. ಬೆಂಗಳೂರಿನಲ್ಲಿ ಕರುಣಾಶ್ರಯ ಎಂಬ ಪ್ಯಾಲಿಯೇಟಿವ್ ಕೇರ್ ಸಂಸ್ಥೆಯ ತಂಡ ಶುಲ್ಕವಿಲ್ಲದೆ ಮನೆಗೆ ಬರುತ್ತದೆ. ಬೇರೆ ಊರಿನವರು ಚಿಕಿತ್ಸೆ ಪಡೆದ ಕ್ಯಾನ್ಸರ್ ಆಸ್ಪತ್ರೆ ಮತ್ತು ಜಿಲ್ಲಾಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ಕೇರ್ ವಿಭಾಗವನ್ನು ವಿಚಾರಿಸಿ.

ಕಾಯದೆ ಫೋನ್ ಮಾಡಬೇಕಾದ್ದು

ವಾಂತಿಯಲ್ಲಿ ರಕ್ತ, ಅಥವಾ ಕಾಫಿ ಗಸಿಯಂಥ ಕಪ್ಪು ಪುಡಿ ಕಂಡರೆ. ಹೊಟ್ಟೆ ಉಬ್ಬಿ, ಅಲೆಅಲೆಯಾಗಿ ಹಿಂಡುವ ನೋವು ಬಂದು, ಗಾಳಿಯೂ ಹೋಗದೆ, ವಾಂತಿ ಹಸಿರಾಗಿದ್ದರೆ ಅಥವಾ ಮಲದ ವಾಸನೆ ಹೊಡೆದರೆ: ಇದು ಕರುಳು ಕಟ್ಟಿದ ಲಕ್ಷಣ. ಇಂಥ ಹೊತ್ತಲ್ಲಿ ಮೆಟೊಕ್ಲೊಪ್ರಮೈಡ್ ಮತ್ತು ಮಲ ಸಡಿಲಿಸುವ ಮಾತ್ರೆ ಎರಡನ್ನೂ ತಡೆಹಿಡಿದು ವೈದ್ಯರನ್ನು ಕೇಳಿ. ಹನ್ನೆರಡು ಗಂಟೆ ಮೂತ್ರವೇ ಹೋಗದಿದ್ದರೆ, ಹೊಸದಾಗಿ ಗೊಂದಲ ಅಥವಾ ವಿಪರೀತ ಮಂಪರು ಬಂದರೆ, ಒಂದು ದಿನ ಪೂರ್ತಿ ನೋವಿನ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕೂಡ.

ವಾಂತಿಯಾದ ಮುಂದಿನ ಎರಡು ಗಂಟೆ

ಕೂರಲಾಗದವರನ್ನು ಪಕ್ಕಕ್ಕೆ ಹೊರಳಿಸಿ, ಅಂಗಾತ ಬಿಡಬೇಡಿ. ಬಾಯಿ ಮುಕ್ಕಳಿಸಲಿ. ಬಟ್ಟೆ, ದಿಂಬಿನ ಕವರ್ ಕೂಡಲೇ ಬದಲಿಸಿ, ಆ ವಾಸನೆಯೇ ಮುಂದಿನ ವಾಂತಿಗೆ ದಾರಿ. ಅರ್ಧ ಗಂಟೆ ಏನೂ ಬೇಡ. ಆಮೇಲೆ ಐದು ನಿಮಿಷಕ್ಕೊಂದು ಚಮಚ ನೀರು ಅಥವಾ ಓಆರ್‌ಎಸ್. ಐದು ಎಂಎಲ್‌ನ ಚಮಚ ಅಂದರೂ ಗಂಟೆಗೆ ಅರವತ್ತು ಎಂಎಲ್ ಒಳಗೆ ಹೋಯಿತು. ಲೋಟ ಎತ್ತಿ ಗಟಗಟ ಕುಡಿಸಿದ ಇನ್ನೂರು ಎಂಎಲ್ ಹೊರಗೆ ಬರುವುದಕ್ಕಿಂತ ಇದು ಎಷ್ಟೋ ಲಾಭ. ಒಂದು ಗಂಟೆ ನಿಂತರೆ ತಿಳಿಮಜ್ಜಿಗೆ, ಗಂಜಿ ತಿಳಿ. ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಿ, ಲೋಟಕ್ಕೆ ಒಂದಿಷ್ಟು ಉದುರಿಸಬೇಡಿ. ಇಪ್ಪತ್ನಾಲ್ಕು ಗಂಟೆ ದಾಟಿದ್ದನ್ನು ಚೆಲ್ಲಿ. ಎಳನೀರು ಎಲ್ಲರ ಮನಸ್ಸಿಗೂ ಬರುತ್ತದೆ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಸೋತವರಿಗೆ ಕೇಳದೆ ಕೊಡಬಾರದು.

ಅಡುಗೆಮನೆ

ಇಲ್ಲಿ ಮೊದಲ ಶತ್ರು ಒಗ್ಗರಣೆ. ಇಂಗು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಎಣ್ಣೆಯಲ್ಲಿ ಸಿಡಿದ ಘಾಟು ರೋಗಿಯ ಕೋಣೆಗೆ ಬಂತೆಂದರೆ ಮುಂದಿನ ಊಟ ಹೋದಂತೆಯೇ. ರೋಗಿ ಮಲಗಿರುವಾಗ ಅಡುಗೆ ಮುಗಿಸಿ, ಆ ಕೋಣೆಯ ಬಾಗಿಲು ಹಾಕಿ, ಅಡುಗೆಮನೆಯ ಕಿಟಕಿ ತೆರೆಯಿರಿ. ಪಾತ್ರೆಯ ಮುಚ್ಚಳವನ್ನು ಕೋಣೆಯ ಹೊರಗೇ ತೆಗೆದು, ಮೊದಲ ಹಬೆ ಆರಲು ಬಿಟ್ಟು ಆಮೇಲೆ ಒಳಗೆ ತನ್ನಿ. ಬಿಸಿ ಅನ್ನಕ್ಕಿಂತ ಆರಿದ ಮೊಸರನ್ನದ ವಾಸನೆ ಕಡಿಮೆ, ಅದಕ್ಕೇ ಅದು ಒಳಗೆ ಹೋಗುತ್ತದೆ. ಫಿನಾಯಿಲ್, ಊದುಬತ್ತಿ, ನೋಡಲು ಬಂದವರ ಮುಡಿಯ ಮಲ್ಲಿಗೆ ಕೂಡ ಕೆಲವರಿಗೆ ಸಹಿಸದು. ಹೇಳಲು ಸಂಕೋಚಪಡುತ್ತಾರೆ, ನೀವೇ ಕೇಳಿ.

ದೊಡ್ಡ ತಟ್ಟೆ ನೋಡಿದರೇ ಗಂಟಲು ಕಟ್ಟುತ್ತದೆ. ಚಿಕ್ಕ ಬಟ್ಟಲಲ್ಲಿ ಮೂರ್ನಾಲ್ಕು ಚಮಚ, ಎರಡು ಗಂಟೆಗೊಮ್ಮೆ, ಎಚ್ಚರವಿದ್ದಾಗ ಮಾತ್ರ. ನೀರನ್ನು ಊಟದ ಜೊತೆ ಕೊಡಬೇಡಿ, ಅರ್ಧ ಗಂಟೆ ಹಿಂದೆಮುಂದೆ ಇರಲಿ, ಇಲ್ಲದಿದ್ದರೆ ಇರುವ ಸ್ವಲ್ಪ ಜಾಗವೂ ನೀರಿಗೇ ಹೋಗುತ್ತದೆ. ಬಹಳ ಜನಕ್ಕೆ ಬೆಳಗಿನ ಹೊತ್ತು ಊಟ ಸೇರುತ್ತದೆ. ಹಾಗಿದ್ದರೆ ಸತ್ವದ್ದನ್ನೆಲ್ಲ ಆಗಲೇ ಕೊಟ್ಟು ರಾತ್ರಿಯ ಊಟದ ಹಟ ಬಿಡಿ. ತಿಂದ ಮೇಲೆ ಒಂದು ಗಂಟೆ ದಿಂಬಿಗೆ ಒರಗಿ ಕೂರಲಿ.

ಕಡಿಮೆ ತಿನ್ನುವವರಿಗೆ ತಿಂದದ್ದರಲ್ಲೇ ಸತ್ವ ತುಂಬಬೇಕು. ಒಂದು ಲೋಟ ಹಾಲಿಗೆ ಎರಡು ದೊಡ್ಡ ಚಮಚ ಹಾಲಿನ ಪುಡಿ ಕಲಸಿದರೆ ಲೋಟ ಅಷ್ಟೇ, ಪ್ರೋಟೀನ್ ಹೆಚ್ಚು. ಗಂಜಿಗೆ ಹುರಿಗಡಲೆ ಹಿಟ್ಟು, ನುಣ್ಣಗೆ ಪುಡಿಮಾಡಿದ ಕಡಲೆಕಾಯಿ ಬೀಜ. ಒಂದು ಚಮಚ ತುಪ್ಪಕ್ಕೆ ಸುಮಾರು ನಲವತ್ತೈದು ಕ್ಯಾಲೊರಿ. ಆದರೆ ಜಠರ ನಿಧಾನವಿರುವವರಿಗೆ, ಕಾಮಾಲೆ ಇರುವವರಿಗೆ ತುಪ್ಪ ಸುರಿದರೆ ವಾಕರಿಕೆ ಹೆಚ್ಚುತ್ತದೆ, ಜಿಡ್ಡು ಜಠರವನ್ನು ಇನ್ನಷ್ಟು ತಡೆಯುತ್ತದೆ.

ಹೆಸರುಬೇಳೆ ಗಂಜಿಯ ಅಳತೆ: ಎರಡು ದೊಡ್ಡ ಚಮಚ ಅಕ್ಕಿ, ಒಂದು ದೊಡ್ಡ ಚಮಚ ಬೇಳೆ, ಎರಡು ಲೋಟ ನೀರು, ಕುಕ್ಕರಿನಲ್ಲಿ ಐದಾರು ಕೂಗು. ಸೌಟಿನಿಂದ ಕಡೆದು ಉಪ್ಪು, ಚಿಟಿಕೆ ಜೀರಿಗೆ ಪುಡಿ. ಒಗ್ಗರಣೆ ಬೇಡ. ರಾಗಿಯಲ್ಲಿ ಮಕ್ಕಳಿಗೆ ಮಾಡುವ ರಾಗಿ ಸರಿಯೇ ಇವರಿಗೂ ಒಳ್ಳೆಯದು. ಮೊಳಕೆ ಕಟ್ಟಿ ಒಣಗಿಸಿ ಹುರಿದ ರಾಗಿಯ ಹಿಟ್ಟು ಬೇಯಿಸಿದಾಗ ಅಷ್ಟೊಂದು ಗಟ್ಟಿಯಾಗದು, ಮೊಳಕೆಯಲ್ಲೇ ಪಿಷ್ಟ ಒಡೆದಿರುತ್ತದೆ. ಹಾಗಾಗಿ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಸಬಹುದು.

ಬಾಯೆಲ್ಲ ಕಬ್ಬಿಣದ ರುಚಿ ಎನ್ನುವವರಿಗೆ ಸ್ಟೀಲ್ ಚಮಚ ಬದಲಿಸಿ ಮರದ್ದೋ ಪ್ಲಾಸ್ಟಿಕ್ಕಿನದ್ದೋ ಕೊಡಿ. ಬಾಯಲ್ಲಿ ಹುಣ್ಣಿಲ್ಲದಿದ್ದರೆ ನಿಂಬೆ, ನೆಲ್ಲಿಕಾಯಿ, ಕರಾವಳಿಯವರಿಗೆ ಪುನರ್ಪುಳಿ ಸಾರು. ಮಾಂಸ ಕಹಿ ಅನ್ನಿಸಿದರೆ ಮೊಟ್ಟೆ, ಮೊಸರು, ಬೇಳೆ. ಹಾಲು ಬೇಡ, ಸಕ್ಕರೆ ಬೇಡ, ಅನ್ನ ಬೇಡ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಪಥ್ಯಗಳನ್ನು ಈ ಹಂತದಲ್ಲಿ ಮರೆತುಬಿಡಿ. ಐಸ್‌ಕ್ರೀಮ್ ಒಂದೇ ಸೇರುತ್ತದೆಂದರೆ ಐಸ್‌ಕ್ರೀಮೇ ಊಟ.

ಸಕ್ಕರೆ ಕಾಯಿಲೆ ಇದ್ದವರಲ್ಲಿ ಒಂದು ಅಪಾಯ. ಊಟ ಕಾಲುಭಾಗಕ್ಕೆ ಇಳಿದಿದ್ದರೂ ಇನ್ಸುಲಿನ್, ಮಾತ್ರೆ ಹಳೆಯ ಪ್ರಮಾಣದಲ್ಲೇ ನಡೆಯುತ್ತಿರುತ್ತದೆ. ಬೆವರು, ನಡುಕ, ತೊದಲು ಮಾತು ಕಂಡರೆ ಸಕ್ಕರೆ ಪರೀಕ್ಷಿಸಿ. ಎಪ್ಪತ್ತಕ್ಕಿಂತ ಕೆಳಗಿದ್ದು, ಎಚ್ಚರವಾಗಿದ್ದು ನುಂಗಬಲ್ಲವರಾದರೆ ಕೂಡಲೇ ಸಕ್ಕರೆ ನೀರು ಕೊಟ್ಟು ವೈದ್ಯರಿಗೆ ಫೋನ್ ಮಾಡಿ. ಊಟ ಇಳಿದ ದಿನವೇ ಪ್ರಮಾಣ ಇಳಿಸುವ ಬಗ್ಗೆ ಕೇಳಿದರೆ ಇಲ್ಲಿಯವರೆಗೆ ಬರುವುದಿಲ್ಲ.

ಬಾಯಿ ನೋಡಿ

ಟಾರ್ಚ್ ಹಿಡಿದು ದಿನಕ್ಕೊಮ್ಮೆ. ನಾಲಿಗೆ, ಕೆನ್ನೆಯ ಒಳಗೆ ಮೊಸರು ಕಟ್ಟಿದಂಥ ಬಿಳಿ ಚುಕ್ಕೆ ಕಂಡರೆ ಅದು ಶಿಲೀಂಧ್ರ. ಡೆಕ್ಸಾಮೆಥಾಸೋನ್ ತೆಗೆದುಕೊಳ್ಳುವವರಲ್ಲಿ ಹೆಚ್ಚು. ನುಂಗಲು ಉರಿ, ರುಚಿ ಇಲ್ಲ ಎನ್ನುವುದಕ್ಕೆ ಎಷ್ಟೋ ಸಲ ಇದೇ ಕಾರಣ, ಬಾಯಿಗೆ ಹಚ್ಚುವ ಔಷಧಿಯಿಂದಲೋ ಮಾತ್ರೆಯಿಂದಲೋ ಹೋಗುತ್ತದೆ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡ ಕಲಸಿ, ಊಟದ ಮೊದಲೂ ಆಮೇಲೂ ಮುಕ್ಕಳಿಸಲಿ. ದಿನಾ ಹೊಸದು ಮಾಡಿ. ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದು ತೊಳೆದು ನೀರಿನಲ್ಲಿಡಿ. ಆಲ್ಕೊಹಾಲ್ ಇರುವ ಮೌತ್‌ವಾಶ್ ಬಾಯಿಯನ್ನು ಇನ್ನಷ್ಟು ಒಣಗಿಸುತ್ತದೆ.

ನುಂಗಲಾಗದವರು, ಮೂಗಿನ ಟ್ಯೂಬಿನವರು

ಎಲೆ-ಅಡಿಕೆ, ಹೊಗೆಸೊಪ್ಪಿನ ನಮ್ಮ ನಾಡಿನಲ್ಲಿ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಬಹಳ. ಗಂಟಲ ತೊಂದರೆ ಇದ್ದವರಲ್ಲಿ ಕೆಲವರಿಗೆ ನೀರೇ ಕೆಮ್ಮು ಬರಿಸುತ್ತದೆ, ಗಂಜಿ ಹದದ್ದು ಇಳಿಯುತ್ತದೆ. ಅಂಥವರಿಗೆ ಗದ್ದವನ್ನು ಎದೆಯತ್ತ ಬಾಗಿಸಿ, ಒಂದು ತುತ್ತು ಪೂರ್ತಿ ಇಳಿದ ಮೇಲೆ ಇನ್ನೊಂದು. ಅನ್ನನಾಳ ಕಟ್ಟಿದವರಿಗೆ ಇದಕ್ಕೆ ತಿರುಗುಮುರುಗು, ತೆಳ್ಳಗಿನದೇ ಇಳಿಯುವುದು.

ಮೂಗಿನಿಂದ ಜಠರಕ್ಕೆ ಇಳಿಸಿದ ರೈಲ್ಸ್ ಟ್ಯೂಬ್ ಇದ್ದರೆ ಮೂಗಿನ ತುದಿಯಲ್ಲಿ ಅಂಟಿಸಿದ ಟೇಪಿನ ಗುರುತು ನೋಡಿಯೇ ಶುರುಮಾಡಿ. ಗುರುತು ಜಾರಿ ಹೊರಗೆ ಬಂದಿದ್ದರೆ ಒಂದು ಹನಿಯೂ ಹಾಕಬೇಡಿ. ಬೆನ್ನಿಗೆ ದಿಂಬು ಕೊಟ್ಟು ಎದೆಯ ಭಾಗ ಎತ್ತರಿಸಿ. ಮೊದಲು ಮೂವತ್ತು ಎಂಎಲ್ ನೀರು, ಆಮೇಲೆ ಆಹಾರ ನೂರೈವತ್ತರಿಂದ ಇನ್ನೂರು ಎಂಎಲ್, ಮತ್ತೆ ಮೂವತ್ತು ಎಂಎಲ್ ನೀರು. ಐವತ್ತು ಎಂಎಲ್ ಸಿರಿಂಜಿನ ಪಿಸ್ಟನ್ ತೆಗೆದು, ಬರೀ ಕೊಳವೆಯನ್ನು ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಿ, ಇಪ್ಪತ್ತು ನಿಮಿಷ ಹಿಡಿಯಲಿ. ಒತ್ತಿ ತಳ್ಳಿದರೆ ವಾಂತಿ ಖಚಿತ. ಕೊಟ್ಟ ಮೇಲೆ ಒಂದು ಗಂಟೆ ಮಲಗಿಸಬೇಡಿ.

ಟ್ಯೂಬ್ ಕಟ್ಟುವುದು ಮೂರು ಕಾರಣಕ್ಕೆ: ತೆಳುಬಟ್ಟೆಯಲ್ಲಿ ಸೋಸದ ರಾಗಿ, ಹಾಲಿನ ಹಿಂದೆಯೇ ಹಾಕಿದ ಹಣ್ಣಿನ ರಸದಿಂದ ಒಡೆದ ಗಸಿ, ಸರಿಯಾಗಿ ಕರಗದ ಮಾತ್ರೆ ಪುಡಿ. ಮಾತ್ರೆಗಳನ್ನು ಒಂದೊಂದಾಗಿ ಕುಟ್ಟಿ, ನಡುವೆ ನೀರು ಬಿಡಿ. ಹನ್ನೆರಡು ಗಂಟೆ ಕೆಲಸ ಮಾಡುವ ಮಾರ್ಫಿನ್‌ನಂಥ ನಿಧಾನ ಬಿಡುಗಡೆಯ ಮಾತ್ರೆಯನ್ನು ಎಂದೂ ಕುಟ್ಟಬಾರದು, ಹನ್ನೆರಡು ಗಂಟೆಯ ಔಷಧಿ ಒಮ್ಮೆಗೇ ಮೈಗೇರುತ್ತದೆ. ಟ್ಯೂಬ್ ಕಟ್ಟಿದರೆ ಉಗುರುಬೆಚ್ಚಗಿನ ನೀರನ್ನು ಸಿರಿಂಜಿನಲ್ಲಿ ಮೆಲ್ಲಗೆ ತಳ್ಳಿ, ಎಳೆದು ನೋಡಿ. ತಂತಿ ಹಾಕಬೇಡಿ. ಕಿತ್ತುಬಂದ ಟ್ಯೂಬನ್ನು ಮನೆಯಲ್ಲಿ ವಾಪಸ್ ತುರುಕಬೇಡಿ, ಅದು ಶ್ವಾಸನಾಳಕ್ಕೂ ಹೋಗಬಲ್ಲದು.

ಊಟ ತಾನಾಗಿ ಬಿಟ್ಟಾಗ

ಎಲ್ಲ ಸರಿಮಾಡಿದರೂ ಒಂದು ಹಂತದಲ್ಲಿ ರೋಗಿ ಮುಖ ತಿರುಗಿಸುತ್ತಾರೆ. ಹೊಟ್ಟೆಗಿಲ್ಲದೆ ಸೊರಗುತ್ತಿದ್ದಾರೆ ಎಂದು ಮನೆಯವರಿಗೆ ಅನ್ನಿಸುತ್ತದೆ. ವಾಸ್ತವದಲ್ಲಿ ಮುಂದುವರಿದ ಕ್ಯಾನ್ಸರ್ ದೇಹದ ಹಸಿವನ್ನೂ, ತಿಂದದ್ದನ್ನು ಮೈಗೆ ಹಿಡಿಸುವ ಶಕ್ತಿಯನ್ನೂ ಕೆಡಿಸಿರುತ್ತದೆ, ಎಷ್ಟು ತುರುಕಿದರೂ ಮಾಂಸಖಂಡ ವಾಪಸ್ ಬಾರದು. ‘ನನಗೋಸ್ಕರ ಒಂದೇ ತುತ್ತು ಕಣಪ್ಪಾ’ ಎಂಬ ಮಾತು ಪ್ರೀತಿಯದೇ, ಆದರೆ ತಿನ್ನಲಾಗದವರಿಗೆ ಅದು ದಿನಕ್ಕೆ ಆರು ಬಾರಿ ಸೋಲುವ ಪರೀಕ್ಷೆ. ತುತ್ತನ್ನು ತೋರಿಸಿ, ಬೇಡವೆಂದರೆ ತೆಗೆದಿಡಿ. ಡ್ರಿಪ್ ಹಾಕಿಸಿ ಎಂಬ ಒತ್ತಾಯ ನೆಂಟರಿಂದ ಬಂದೇ ಬರುತ್ತದೆ. ಗ್ಲೂಕೋಸ್ ಬಾಟಲಿ ಊಟವಲ್ಲ. ಕೊನೆಯ ದಿನಗಳಲ್ಲಿ ಆ ನೀರು ಕಾಲು ಊದಿಸಿ, ಎದೆಯಲ್ಲಿ ಕಫವಾಗಿ ಗೊರಗೊರ ಎನ್ನುತ್ತದೆ.

ಆಗ ಉಳಿಯುವ ಕೆಲಸ ಬಾಯಿಯನ್ನು ಒದ್ದೆಯಾಗಿಡುವುದು. ಫ್ರಿಡ್ಜಿನ ಐಸ್ ಟ್ರೇಯಲ್ಲಿ ನಿಂಬೆ ಪಾನಕವನ್ನೋ ಅವರಿಗಿಷ್ಟದ ಕಾಫಿಯನ್ನೋ ಹೆಪ್ಪುಗಟ್ಟಿಸಿ, ಎಚ್ಚರವಿದ್ದರೆ ಚಿಕ್ಕ ಚೂರು ನಾಲಿಗೆಯ ಮೇಲಿಡಿ. ಎಚ್ಚರವಿಲ್ಲದಿದ್ದರೆ ಶುದ್ಧ ಬಟ್ಟೆಯನ್ನು ಬೆರಳಿಗೆ ಸುತ್ತಿ, ಅದ್ದಿ, ಹಿಂಡಿ, ಗಂಟೆಗೊಮ್ಮೆ ಬಾಯೊಳಗೆ ಒರೆಸಿ, ತುಟಿಗೆ ಕೊಬ್ಬರಿ ಎಣ್ಣೆ ಸವರಿ. ತುಳಸಿ ನೀರು, ಗಂಗೆ ಬಿಡುವ ಪದ್ಧತಿಯಿರುವ ಮನೆಯಲ್ಲಿ ಉದ್ಧರಣೆಯಿಂದ ಗಂಟಲಿಗೆ ಸುರಿಯಬೇಡಿ, ನುಂಗುವ ಶಕ್ತಿಯಿಲ್ಲದವರಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತುಳಸಿ ದಳವನ್ನೇ ಆ ನೀರಿನಲ್ಲಿ ಅದ್ದಿ, ಮುಖವನ್ನು ಸ್ವಲ್ಪ ಪಕ್ಕಕ್ಕೆ ಹೊರಳಿಸಿ, ತುಟಿಗೆ ಸವರಿದರಾಯಿತು. ಮನೆಯವರೆಲ್ಲ ಒಬ್ಬೊಬ್ಬರಾಗಿ ಸವರಬಹುದು.